ಸ್ಕೌಟ್ ಮಕ್ಕಳಿಗೆ ಕಯಾಕ್, ಕೆನೋ ಕಲಿಸುವುದು ಹೇಗೆ? ಕಲಬುರಗಿ ಕಡೆಯ ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ನೀರು ಕಮ್ಮಿ, ಬಿಸಿಲು ಜಾಸ್ತಿ. ಹಾಗಂತ ಮಕ್ಕಳು ನೀರಿಗೆ ಇಳಿಯುವುದಿಲ್ಲ ಅಂತಲ್ಲ. ಬೇಸಿಗೆ ರಜೆ ಬಂದರೆ ಸಾಕು, ಊರ ಬಾವಿ, ಶಹಾಬಾದ್ ಸುತ್ತಲಿನ ನೀರು ತುಂಬಿದ ಕಲ್ಲು ಗಣಿ, ಹೊಲದ ಕೃಷಿ ಹೊಂಡ, ಭೀಮಾ ಮತ್ತು ಕಾಗಿಣಾ ನದಿಗಳ ಮಡು, ಎಲ್ಲ ಕಡೆ ಇಳಿಯುತ್ತಾರೆ. ಪಕ್ಕದಲ್ಲಿ ದೊಡ್ಡವರು ಇರುವುದಿಲ್ಲ. ಕಲ್ಲು ಗಣಿಗೆ ಇಳಿಜಾರಾದ ದಡವೇ ಇಲ್ಲ, ಒಂದು ಹೆಜ್ಜೆ ತಪ್ಪಿದರೆ ಆಳ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಪೇಪರಿನಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಕ್ಕೇ ನಮ್ಮ ಜಿಲ್ಲೆಯ ಸ್ಕೌಟ್ ಮತ್ತು ಗೈಡ್ ದಳಗಳು ದೋಣಿ ಕಲಿಸಬೇಕು ಅನ್ನುತ್ತೇನೆ. ಪದಕಕ್ಕೆ ಅಲ್ಲ, ಫೋಟೋಕ್ಕೂ ಅಲ್ಲ. ದೋಣಿಯ ನೆಪದಲ್ಲಿ ಮಕ್ಕಳಿಗೆ ನೀರಿನ ಬುದ್ಧಿ ಬರುತ್ತದೆ. ಆದರೆ ಕಲಿಸುವ ಕ್ರಮ ಸರಿ ಇರಬೇಕು: ಮೊದಲು ಈಜು, ಆಮೇಲೆ ಲೈಫ್ ಜಾಕೆಟ್, ಆಮೇಲೆ ದೋಣಿಯಿಂದ ಬೀಳುವುದು, ಕೊನೆಗೆ ಹುಟ್ಟು ಹಾಕುವುದು. ಬಹಳ ಕಡೆ ಇದು ಉಲ್ಟಾ ನಡೆಯುತ್ತದೆ. ಹುಡುಗನನ್ನು ದೋಣಿಯಲ್ಲಿ ಕೂರಿಸಿ, ಕೈಗೆ ಹುಟ್ಟು ಕೊಟ್ಟು ನೂಕಿಬಿಡುತ್ತಾರೆ. ಅವನು ಬಿದ್ದ ಮೇಲೆ ಕೂಗಾಟ ಶುರುವಾಗುತ್ತದೆ.

ಸ್ಕೌಟಿಂಗಿಗೂ ದೋಣಿಗೂ ಹಳೆಯ ನಂಟು. ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಮೊದಲ ಪ್ರಯೋಗದ ಶಿಬಿರ ನಡೆಸಿದ್ದೇ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪದಲ್ಲಿ. ಅವರ ಅಣ್ಣ ವಾರಿಂಗ್ಟನ್ ಕೆನೋ ಪ್ರವಾಸಕ್ಕೆ ಹೆಸರಾದವರು, ದೋಣಿ, ನೀರಿನ ಚಟುವಟಿಕೆಗೆಂದೇ ಇರುವ ಸೀ ಸ್ಕೌಟ್ ಶಾಖೆ ಕಟ್ಟಲು ಕೈಜೋಡಿಸಿದವರು. ಭಾರತದಲ್ಲಿ ಸ್ಕೌಟಿಂಗ್ ಶುರುವಾಗಿದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅಮೆರಿಕದ ಸ್ಕೌಟ್‌ಗಳಿಗೆ ಕೆನೋಗೊಂದು, ಕಯಾಕಿಗೊಂದು ಬೇರೆ ಬೇರೆ ಬ್ಯಾಡ್ಜ್ ಇವೆ. ಆ ಬ್ಯಾಡ್ಜ್‌ಗಿಂತ ನಾವು ತೆಗೆದುಕೊಳ್ಳಬೇಕಾದದ್ದು ಅವರ ಸುರಕ್ಷತಾ ನಿಯಮ. ಕೆಳಗೆ ಹೇಳುವ ಸುಮಾರು ಸಂಗತಿಗೆ ಅದೇ ಆಧಾರ.

ಯಾವ ದೋಣಿ?

ಕೆನೋ ಮೇಲೆ ತೆರೆದಿರುತ್ತದೆ. ಅದರಲ್ಲಿ ಮೊಣಕಾಲೂರಿ ಅಥವಾ ಅಡ್ಡಪಟ್ಟಿ ಮೇಲೆ ಕೂತು ಒಂದೇ ಅಲಗಿನ ಹುಟ್ಟು ಹಾಕುತ್ತಾರೆ. ಸಾಮಾನ್ಯವಾಗಿ ಇಬ್ಬರ ದೋಣಿ ಅದು. ಕಯಾಕಿನಲ್ಲಿ ಕಾಲು ಮುಂದೆ ಚಾಚಿ ಕೂರಬೇಕು, ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು.

ಮಕ್ಕಳಿಗೆ ಶುರುವಿಗೆ ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್ ತರಿಸಿ. ಸೊಂಟದ ತನಕ ಒಳಗೆ ಹೋಗುವ ಕಯಾಕ್ ಬೇಡ. ಮೇಲೆ ಕೂರುವುದು ಮಗುಚಿದರೆ ಮಗು ತಾನಾಗಿ ಹೊರಗೆ ಬೀಳುತ್ತದೆ, ಕಾಲು ಸಿಕ್ಕಿಕೊಳ್ಳುವುದಿಲ್ಲ. ಅದರ ತಳದಲ್ಲಿ ತೂತುಗಳಿರುತ್ತವೆ, ಮೇಲೆ ಬಂದ ನೀರು ಅದರಿಂದಲೇ ಹರಿದುಹೋಗುತ್ತದೆ. ಅದನ್ನು ನೋಡಿ ಮಕ್ಕಳು "ಸರ್, ದೋಣಿ ತೂತಾಗೇದ" ಅಂತ ಬಂದೇ ಬರುತ್ತಾರೆ. ಮೊದಲೇ ತೋರಿಸಿ ಹೇಳಿಬಿಡಿ.

ದೋಣಿ ಕೊಳ್ಳುವ ಆತುರ ಬೇಡ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವರಿಗೆ ಬರೆಯಿರಿ. ತರಬೇತುದಾರರನ್ನೂ ಸಲಕರಣೆಯನ್ನೂ ಕೇಳಿ. ದಳ ನಡೆಸುವ ಮೇಷ್ಟ್ರುಗಳು ಒಬ್ಬಿಬ್ಬರು ಮೊದಲು ತಾವು ಹೋಗಿ ಕಲಿತು ಬರುವುದು ಇನ್ನೂ ಒಳ್ಳೆಯದು. ಶರಾವತಿ ಹಿನ್ನೀರಿನ ಹೊನ್ನೇಮರಡು, ದಾಂಡೇಲಿಯ ಕಾಳಿ ನದಿ, ಇಲ್ಲೆಲ್ಲ ಕಯಾಕ್ ಹತ್ತಿ ಬಂದವರಿದ್ದಾರೆ. ತಾನೇ ಮಗುಚಿ ಬಿದ್ದು ಏಳದ ಮೇಷ್ಟ್ರು ಮಕ್ಕಳಿಗೆ ಧೈರ್ಯ ಹೇಳಲಾರರು.

ಇನ್ನೊಂದು ಮಾತು. ಕೃಷ್ಣಾ ದಂಡೆಯ ಊರುಗಳ ಮೀನುಗಾರರ ಮನೆಯಲ್ಲಿ ಹರಿಗೋಲು ಇರುತ್ತದೆ. ಆ ಮನೆಯ ಮಕ್ಕಳು ನಿಮ್ಮ ದಳದಲ್ಲಿದ್ದರೆ ಅವರೇ ನಿಮ್ಮ ಮೊದಲ ಶಿಕ್ಷಕರು. ದುಂಡನೆಯ ಹರಿಗೋಲು ಸುಮ್ನೆ ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತದೆ. ಅದನ್ನು ನೇರ ಒಯ್ಯುವವನಿಗೆ ಕಯಾಕ್ ಏನೇನೂ ಕಷ್ಟವಲ್ಲ. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಹುಡುಗ ಅವತ್ತು ಎಲ್ಲರ ಮುಂದೆ ನಿಂತು ತೋರಿಸುತ್ತಾನೆ. ಅದಕ್ಕೊಂದು ಅವಕಾಶ ಮಾಡಿಕೊಡಿ.

ಎಲ್ಲಿ, ಯಾವಾಗ?

ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಜಲಾಶಯದ ನೀರೂ ಇಳಿದು ಬರೀ ಕೆಸರು ಉಳಿದಿರುತ್ತದೆ. ಚಳಿಗಾಲದಲ್ಲೂ ಬೆಳಗಿನ ಹೊತ್ತೇ ಇಟ್ಟುಕೊಳ್ಳಿ. ಏಳರಿಂದ ಹತ್ತರ ತನಕ ನೀರು ತಟ್ಟೆಯ ಹಾಗೆ ನಿಂತಿರುತ್ತದೆ. ಹೊತ್ತು ಏರಿದಂತೆ ಗಾಳಿ ಏಳುತ್ತದೆ. ಬಯಲು ಸೀಮೆಯ ಜಲಾಶಯದಲ್ಲಿ ಆ ಗಾಳಿಗೆ ಅಡ್ಡ ಏನೂ ಇಲ್ಲ.

ಹರಿಯುವ ಹೊಳೆಯಲ್ಲಿ ಶುರು ಮಾಡಬೇಡಿ. ಭೀಮಾ ನದಿಗೆ ಮೇಲಿಂದ ಯಾವಾಗ ನೀರು ಬಿಡುತ್ತಾರೆ ಅಂತ ದಂಡೆಯಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಬಿದ್ದ ಮಳೆಯ ಜೊತೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರೂ ಸೇರಿ ಭೀಮಾ ತೀರದ ಊರುಗಳು ಮುಳುಗಿದ್ದು ನೆನಪಿದೆ ಅಲ್ವಾ? ಅಣೆಕಟ್ಟು ಮತ್ತು ಬ್ಯಾರೇಜಿನ ಕೆಳಗಡೆ ಯಾವ ಕಾಲದಲ್ಲೂ ಮಕ್ಕಳನ್ನು ಇಳಿಸಬಾರದು. ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ. ಅಲ್ಲಿ ಕಲಿಕೆಯ ಮಾತೇ ಬೇಡ.

ನಿಂತ ನೀರು ಹುಡುಕಿ. ಆಳಂದ ತಾಲ್ಲೂಕಿನ ಅಮರ್ಜಾ, ಕಾಳಗಿ ಕಡೆಯ ಬೆಣ್ಣೆತೊರೆ, ಭಾಲ್ಕಿ ತಾಲ್ಲೂಕಿನ ಕಾರಂಜಾ, ಇವೆಲ್ಲ ದೊಡ್ಡ ಜಲಾಶಯಗಳು. ಅನುಮತಿ ಸಿಕ್ಕರೂ ಗೇಟಿನಿಂದ, ಕಾಲುವೆಗೆ ನೀರು ಎಳೆಯುವ ತೂಬಿನಿಂದ ಬಹಳ ದೂರ, ಹಿನ್ನೀರಿನ ಒಂದು ಮೂಲೆಯಲ್ಲಿ ಮಾತ್ರ ಕಲಿಸಿ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ನೋಡಲು ತುಂಬಾ ಚೆಂದ, ಸುತ್ತ ಗುಡ್ಡ, ಕಾಡು. ಆದರೆ ಅದು ಇರುವುದು ವನ್ಯಜೀವಿ ಧಾಮದೊಳಗೆ, ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಅಲ್ಲಿಗೆ ಮಕ್ಕಳನ್ನು ಬೈನಾಕ್ಯುಲರ್ ಕೊಟ್ಟು ಕರೆದೊಯ್ಯಿರಿ, ದೋಣಿ ಬೇಡ. ನನ್ನ ಕೇಳಿದರೆ, ನಿಮ್ಮೂರ ಪಕ್ಕದ ಒಂದು ಸಣ್ಣ, ಸ್ವಚ್ಛ ಕೆರೆಯೇ ಮೊದಲ ವರ್ಷಕ್ಕೆ ಸಾಕು.

ಜಾಗ ಒಪ್ಪುವ ಮೊದಲು ಒಂದು ದಿನ ಮಕ್ಕಳಿಲ್ಲದೆ ಹೋಗಿ. ದಂಡೆ ಯಾವ ಮಣ್ಣಿನದು ನೋಡಿ. ಎರೆ ಮಣ್ಣಾದರೆ ಮೊಣಕಾಲ ತನಕ ಹೂತು, ಕಾಲು ಕೀಳುವಾಗ ಚಪ್ಪಲಿ ಒಳಗೇ ಉಳಿಯುತ್ತದೆ. ಮಗು ಅಲ್ಲೇ ಮುಗ್ಗರಿಸಿ ಬೀಳುತ್ತದೆ. ಗರಸು ಮಣ್ಣು ಅಥವಾ ಹಾಸುಗಲ್ಲು ಇರುವ, ನಿಧಾನ ಇಳಿಜಾರಿನ ದಂಡೆ ಬೇಕು. ಉದ್ದ ಕೋಲು ಹಿಡಿದು ಮೊದಲ ಇಪ್ಪತ್ತು ಹೆಜ್ಜೆ ಆಳ ಅಳೆಯಿರಿ. ಆಮೇಲೆ ಅಲ್ಲಿ ಬಲೆ ಹಾಕುವವರನ್ನು ಹುಡುಕಿ ಚಹಾ ಕುಡಿಸಿ ಮಾತಾಡಿಸಿ. "ಕಾಕಾ, ಇಲ್ಲಿ ಹುಡುಗರನ್ನ ಇಳಸ್ಬೇಕು ಅಂತೀವಿ, ಹ್ಯಾಂಗ?" ಅಂತ ಕೇಳಿ. "ಈ ಕಡೆ ಬ್ಯಾಡ್ರಿ ಸರ, ಒಳಗ ಜಾಲಿ ಗಿಡ ಅವ, ಬಲಿನೇ ಹರಿತಾವ" ಅಂತ ಅವರು ಹೇಳುವ ಒಂದು ಮಾತು ಯಾವ ನಕಾಶೆಯಲ್ಲೂ ಇರುವುದಿಲ್ಲ. ಮುಳುಗಿದ ಜಾಲಿಯ ಮುಳ್ಳು ಮತ್ತು ಕಣ್ಣಿಗೆ ಕಾಣದ ನೈಲಾನ್ ಬಲೆ, ಹಿನ್ನೀರಿನಲ್ಲಿ ಈ ಎರಡಕ್ಕೆ ಹೆದರಬೇಕು.

ಕಾಗದ ಪತ್ರ

ಜಲಾಶಯವಾದರೆ ನೀರಾವರಿ ನಿಗಮದ ಎಂಜಿನಿಯರ್ ಕಚೇರಿ, ಊರ ಕೆರೆಯಾದರೆ ಗ್ರಾಮ ಪಂಚಾಯಿತಿ ಅಥವಾ ಅದು ಯಾರ ಸುಪರ್ದಿಯಲ್ಲಿದೆಯೋ ಅವರು, ಜೊತೆಗೆ ಮೀನು ಹಿಡಿಯುವ ಗುತ್ತಿಗೆ ಇರುವ ಸಂಘ. ಇವರ ಒಪ್ಪಿಗೆ ಬರಹದಲ್ಲಿ ಇರಲಿ. ಹತ್ತಿರದ ಪೊಲೀಸ್ ಠಾಣೆಗೂ ಆಸ್ಪತ್ರೆಗೂ ತಾರೀಖು ತಿಳಿಸಿ. ಜಿಲ್ಲಾ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಅನುಮತಿ ಇಲ್ಲದೆ ದಳ ಹೊರಡಬಾರದು.

ತಂದೆ ತಾಯಿಯ ಸಹಿ ತರಿಸುವುದಕ್ಕೆ ಮಕ್ಕಳ ಕೈಲಿ ಕಾಗದ ಕೊಟ್ಟು ಕಳಿಸಿದರೆ ಸಾಲದು. ಕರೆಸಿ ಕೂರಿಸಿ ಮಾತಾಡಿ. ಮೂರ್ಛೆ ರೋಗ, ದಮ್ಮು, ಹೃದಯದ ತೊಂದರೆ, ಕಿವಿ ಸೋರುವುದು ಇವೆಯೇ ಅಂತ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ. ಮೂರ್ಛೆ ರೋಗದ ಮಾತನ್ನು, ಅದರಲ್ಲೂ ಹೆಣ್ಣುಮಕ್ಕಳದ್ದಾದರೆ, ನಾಲ್ಕು ಜನರ ಎದುರು ಯಾರೂ ಬಾಯಿ ಬಿಡುವುದಿಲ್ಲ.

ಗೈಡ್ ಹುಡುಗಿಯರನ್ನು ಬಿಟ್ಟು ಬರೀ ಹುಡುಗರನ್ನು ಕರೆದೊಯ್ಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಬಾವಿಗೆ ಇಳಿದು ಈಜು ಕಲಿಯುವ ಅವಕಾಶ ಅವರಿಗೆ ಮೊದಲೇ ಕಮ್ಮಿ. ಬಟ್ಟೆ ತೊಳೆಯಲು, ನೀರು ತರಲು ಮಾತ್ರ ಕೆರೆ ದಂಡೆಗೆ ಅವರೇ ಹೋಗಬೇಕು. ಗೈಡ್ ದಳ ನಡೆಸುವ ಶಿಕ್ಷಕಿ (ಗೈಡ್ ಕ್ಯಾಪ್ಟನ್) ಜೊತೆಗಿದ್ದು, ಬಟ್ಟೆ ಬದಲಿಸಲು ಮರೆಯಾದ ಜಾಗ ಇದ್ದರೆ ಮನೆಯವರು ಬಹುಪಾಲು ಒಪ್ಪುತ್ತಾರೆ. ಟ್ರ್ಯಾಕ್ ಪ್ಯಾಂಟ್ ಮತ್ತು ಪೂರ್ತಿ ತೋಳಿನ ಟೀ ಶರ್ಟ್ ಸಾಕು, ಬಿಸಿಲಿಗೂ ಅದೇ ಒಳ್ಳೆಯದು. ದುಪಟ್ಟಾ ಬೇಡ. ಜೀನ್ಸ್ ಯಾರಿಗೂ ಬೇಡ, ನೀರು ಕುಡಿದು ಭಾರವಾಗುತ್ತದೆ. ಸ್ಕೌಟ್ ಸ್ಕಾರ್ಫ್ ಕೂಡ ದಂಡೆಯಲ್ಲೇ ಇರಲಿ, ಕೊರಳಲ್ಲಿ ಸಿಕ್ಕಿಕೊಳ್ಳುವ ಯಾವುದೂ ನೀರಿಗೆ ಬರಬಾರದು. ಕಾಲಿಗೆ ಕ್ಯಾನ್ವಾಸ್ ಬೂಟು ಕಡ್ಡಾಯ. ಗಾಜಿನ ಚೂರು, ಗಾಳ ಎಲ್ಲ ಕೆರೆಯಲ್ಲೂ ಇರುತ್ತವೆ.

ಈಜಿನ ಪರೀಕ್ಷೆ

ಇದು ಊರಿನ ಈಜುಕೊಳದಲ್ಲಿ, ದೋಣಿ ನೋಡುವ ಎಷ್ಟೋ ಮೊದಲೇ ಆಗಬೇಕು. ಅಮೆರಿಕದ ಸ್ಕೌಟ್‌ಗಳ ಅಳತೆ 100 ಗಜ. ನಮ್ಮ ಲೆಕ್ಕಕ್ಕೆ 25 ಮೀಟರ್ ಕೊಳದಲ್ಲಿ ನಾಲ್ಕು ಸಲ ಅಂತ ಇಟ್ಟುಕೊಳ್ಳಿ. ತಲೆ ಮುಳುಗುವಷ್ಟು ನೀರಿಗೆ ಕಾಲು ಕೆಳಗಾಗಿ ಹಾರಬೇಕು, ಮೇಲೆ ಬರಬೇಕು, ಮೂರು ಸಲ ತನಗೆ ಬರುವ ಗಟ್ಟಿ ಈಜಿನಲ್ಲಿ, ನಾಲ್ಕನೆಯ ಸಲ ಅಂಗಾತ ಮಲಗಿ ಆರಾಮವಾಗಿ ಈಜಬೇಕು. ಕೊನೆಗೆ ಕೈಕಾಲು ಆಡಿಸದೆ ತೇಲಬೇಕು. ಹೊತ್ತಿನ ಲೆಕ್ಕ ಬೇಡ, ಇದು ಓಟದ ಪಂದ್ಯವಲ್ಲ.

ಬಾವಿಯಲ್ಲಿ ಕಲಿತ ಹುಡುಗರನ್ನು ಇಲ್ಲಿ ಹುಷಾರಾಗಿ ನೋಡಿ. ಅವರ ಹಾರುವಿಕೆ ಜೋರು, ಧೈರ್ಯ ಜೋರು. ಆದರೆ ಬಾವಿಯಲ್ಲಿ ನಾಲ್ಕು ಕೈ ಬೀಸಿದರೆ ಗೋಡೆ ಸಿಗುತ್ತದೆ. ಹಾಗಾಗಿ ಅರ್ಧ ಕೊಳ ದಾಟುವಷ್ಟರಲ್ಲಿ ಉಸಿರು ಕಟ್ಟಿ ತಲೆ ಎತ್ತಿ ಒದ್ದಾಡುತ್ತಾರೆ. "ನನಗ ಈಜ ಬರ್ತದ್ರಿ" ಅನ್ನುವ ಮಾತಿಗೆ ಬೆಲೆ ಕೊಡಿ, ಆದರೆ ಪರೀಕ್ಷೆ ಮಾತ್ರ ಬಿಡಬೇಡಿ. ಅಂಗಾತ ತೇಲುವುದು ಒಂದು ಬಂದರೆ ಉಸಿರು ತಿರುಗಿಸಿಕೊಳ್ಳಲು ಜಾಗ ಸಿಗುತ್ತದೆ. ಅದನ್ನು ಎಲ್ಲರಿಗೂ ಕಲಿಸಿ.

ಪರೀಕ್ಷೆ ಆದ ಮೇಲೆ ಮೂರು ಗುಂಪು ಮಾಡಿ. ಪೂರ್ತಿ ಈಜುವವರು ಒಂಟಿ ಕಯಾಕ್ ಹತ್ತಬಹುದು. ಅರ್ಧಂಬರ್ಧ ಬರುವವರು ಎದೆಮಟ್ಟದ ನೀರು ದಾಟಬಾರದು. ಬಾರದವರು ಚೆನ್ನಾಗಿ ಈಜು ಬರುವ ದೊಡ್ಡವರೊಬ್ಬರ ಜೊತೆ ಕೆನೋದಲ್ಲಿ ಕೂರಬಹುದು. ಈ ಗುಂಪನ್ನು ಕೈಗೆ ಕಟ್ಟುವ ಬಣ್ಣದ ದಾರದಿಂದ ಗುರುತಿಸಿ. ದಾರ ನೋಡಿ ನಗುವವರಿಗೆ ದಳ ನಾಯಕನೇ ಬುದ್ಧಿ ಹೇಳಲಿ.

ಲೈಫ್ ಜಾಕೆಟ್

ಈಜು ಬರಲಿ ಬಿಡಲಿ, ಮೊಣಕಾಲ ನೀರಿಗೆ ಇಳಿಯುವ ಎಲ್ಲರ ಮೈಮೇಲೂ ಇರಬೇಕು. ಮೇಷ್ಟ್ರ ಮೈಮೇಲೂ. ಟೈರಿನ ಟ್ಯೂಬು, ಥರ್ಮಾಕೋಲ್, ಒಣಗಿದ ಸೋರೆ ಬುರುಡೆ, ಇವು ಈಜು ಕಲಿಯಲು ಆದಾವು, ದೋಣಿಗೆ ಬೇಡ.

ಜಾಕೆಟ್ ವಯಸ್ಸು ನೋಡಿ ಕೊಡುವುದಲ್ಲ, ತೂಕ ನೋಡಿ ಕೊಡುವುದು. ಒಳಗಡೆ ಚೀಟಿಯಲ್ಲಿ ಎಷ್ಟು ಕಿಲೋದವರಿಗೆ ಅಂತ ಬರೆದಿರುತ್ತದೆ. ಹಾಕಿದ ಮೇಲೆ ಕೆಳಗಿನ ಪಟ್ಟಿಯಿಂದ ಶುರು ಮಾಡಿ ಬಿಗಿಯಿರಿ. ಆಮೇಲೆ ಎರಡೂ ಹೆಗಲ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆಯಿರಿ. ಜಾಕೆಟ್ ಕಿವಿ ತನಕ ಬಂತೆಂದರೆ ಅಳತೆ ದೊಡ್ಡದು ಅಥವಾ ಪಟ್ಟಿ ಸಡಿಲು. ನೀರಿನಲ್ಲಿ ಅದು ಹಾಗೇ ಮೇಲೇರಿ ಮೂಗು ಬಾಯಿ ಮುಚ್ಚುತ್ತದೆ, ಸಣಕಲು ಮಕ್ಕಳಲ್ಲಿ ಪೂರ್ತಿ ಕಳಚಿಯೂ ಹೋಗಬಹುದು. ನಮ್ಮ ಎಂಟನೇ ತರಗತಿಯ ಹುಡುಗರಲ್ಲಿ ಸಣಕಲರೇ ಜಾಸ್ತಿ. ಅದಕ್ಕೆ ತೊಡೆಯ ಸಂದಿಯಿಂದ ಬರುವ ಪಟ್ಟಿ ಇರುವ ಜಾಕೆಟ್ ಕೇಳಿ. ಪಟ್ಟಿಯ ಕ್ಲಿಪ್ ಮುರಿದಿದ್ದರೆ, ಹೊಲಿಗೆ ಬಿಟ್ಟಿದ್ದರೆ, ದಾರ ಕಟ್ಟಿ ಸುಧಾರಿಸಬೇಡಿ. ಪಕ್ಕಕ್ಕಿಡಿ. ಎಷ್ಟು ಜಾಕೆಟ್ ಸರಿ ಇವೆಯೋ ಅಷ್ಟೇ ಮಕ್ಕಳು ನೀರಿಗೆ.

ಒಂದೊಂದು ಜಾಕೆಟ್‌ಗೂ ಒಂದು ಪ್ಲಾಸ್ಟಿಕ್ ಸೀಟಿ ಕಟ್ಟಿ. ಒಂದು ಸಲ ಊದಿದರೆ "ಈ ಕಡೆ ನೋಡಿ", ಮೂರು ಸಲ ಊದಿದರೆ "ಅಪಾಯ". ಹುಟ್ಟನ್ನು ತಲೆ ಮೇಲೆ ಅಡ್ಡ ಹಿಡಿದರೆ "ನಿಲ್ಲಿ", ನೆಟ್ಟಗೆ ಹಿಡಿದರೆ "ಬನ್ನಿ". ಇಷ್ಟೇ ಸನ್ನೆ ಸಾಕು. ಶಾಲೆಯ ಮೈದಾನದಲ್ಲಿ ಸ್ಕೌಟ್ ಕೋಲು ಹಿಡಿದು ಆಟದ ಹಾಗೆ ಮಾಡಿಸಿದರೆ ಅರ್ಧ ಗಂಟೆಯಲ್ಲಿ ಬರುತ್ತದೆ.

ಬೀಳುವ ಪಾಠ

ಕೆರೆಗೆ ಬಂದ ಮೊದಲ ಬೆಳಿಗ್ಗೆ ಪೂರ್ತಿ ಇದಕ್ಕೇ ಮೀಸಲು. ಸೊಂಟಮಟ್ಟದ ನೀರಿನಲ್ಲಿ ದೋಣಿ ಹಿಡಿದು ಒಬ್ಬರು ನಿಲ್ಲಿ. ಮಗು ಕೂರಲಿ. "ಬಿದ್ದೆ" ಅಂತ ಕೂಗಿ ತಾನೇ ಒಂದು ಕಡೆ ವಾಲಿ ಬೀಳಲಿ. ಮೇಲೆ ಬಂದ ತಕ್ಷಣ ಒಂದು ಕೈ ದೋಣಿಗೆ, ಇನ್ನೊಂದು ಕೈ ಹುಟ್ಟಿಗೆ. ದೋಣಿ ಬಿಟ್ಟು ದಂಡೆಗೆ ಈಜಬಾರದು. ಇದನ್ನು ಸಾವಿರ ಸಲ ಹೇಳಬೇಕು. ದೋಣಿ ಮುಳುಗುವುದಿಲ್ಲ, ದೂರದಿಂದ ಕಾಣುತ್ತದೆ. ಈಜುವ ತಲೆ ಕಾಣುವುದಿಲ್ಲ.

ಮತ್ತೆ ಹತ್ತುವುದು ಹೀಗೆ. ಬೋರಲಾದ ದೋಣಿಯ ಆಚೆ ಅಂಚು ಹಿಡಿದು ತನ್ನ ಕಡೆಗೆ ಎಳೆದು ನೆಟ್ಟಗೆ ಮಾಡಬೇಕು. ಕೂರುವ ಜಾಗದ ಪಕ್ಕಕ್ಕೆ ಬರಬೇಕು. ಎರಡೂ ಕೈ ದೋಣಿ ಮೇಲಿಟ್ಟು, ಕಾಲು ಹಿಂದಕ್ಕೆ ಚಾಚಿ ಪಟಪಟ ಬಡಿದರೆ ಮೈ ನೀರಿನ ಮಟ್ಟಕ್ಕೆ ಏಳುತ್ತದೆ. ಆಗ ಹೊಟ್ಟೆ ಮೇಲೆ ಜಾರಿ ದೋಣಿಗೆ ಅಡ್ಡಲಾಗಿ ಮಲಗಬೇಕು. ನಂತರ ಹೊರಳಿ ಅಂಡೂರಿ, ಕೊನೆಗೆ ಕಾಲು ಒಳಗೆ ತರಬೇಕು. ಎಲ್ಲ ಮಕ್ಕಳೂ ಕಾಲು ದೋಣಿಯ ಕೆಳಗೆ ಬಿಟ್ಟು ಬರೀ ತೋಳ ಬಲದಲ್ಲಿ ಹತ್ತಲು ಹೋಗುತ್ತಾರೆ, ದೋಣಿ ಮೈಮೇಲೆ ಬರುತ್ತದೆ. ಕಾಲು ಮೇಲೆ ತೇಲಿದರೆ ಮಾತ್ರ ಹತ್ತಲು ಆಗುತ್ತದೆ ಅಂತ ಕೈಯಿಂದ ಕಾಲು ಹಿಡಿದೆತ್ತಿ ತೋರಿಸಿ.

ಆಮೇಲೆ ಎರಡೆರಡು ದೋಣಿ ಒಟ್ಟಿಗೆ ಬಿಡಿ. ಒಬ್ಬ ಬಿದ್ದರೆ ಪಕ್ಕದ ದೋಣಿಯವನು ತನ್ನ ದೋಣಿ ತಂದು ಬಿದ್ದ ದೋಣಿಗೆ ತಾಗಿಸಿ, ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಹಿಡಿಯಬೇಕು. ಬಿದ್ದವನು ಆಚೆ ಕಡೆಯಿಂದ ಹತ್ತಬೇಕು. ಕೆನೋಗೆ ನೀರು ತುಂಬಿಕೊಂಡರೆ ಕೆಲಸ ಜಾಸ್ತಿ. ಬೋರಲು ದೋಣಿಯನ್ನು ಇನ್ನೊಂದು ಕೆನೋದ ಮೇಲೆ ಅಡ್ಡ ಎಳೆದು, ನೀರು ಸುರಿಸಿ, ನೆಟ್ಟಗೆ ತಿರುಗಿಸಿ ಮತ್ತೆ ಇಳಿಸಬೇಕು. ಅದು ಕೊನೆಯ ಹಂತಕ್ಕೆ ಇರಲಿ.

ಬಿದ್ದು ಎದ್ದ ಮಗುವಿನ ಮುಖ ನೋಡಿ. ಮೊದಲ ಸಲ ಮೂಗಿಗೆ ನೀರು ಹೋಗಿ ಕೆಮ್ಮುತ್ತದೆ, ಅಳು ಬರುವ ಹಾಗಿರುತ್ತದೆ. ಮೂರನೆಯ ಸಲ ತಾನಾಗಿ ಬೀಳಲು ಸಾಲು ನಿಲ್ಲುತ್ತದೆ. ಈ ಬದಲಾವಣೆ ಆಗುವ ತನಕ ಹುಟ್ಟು ಕೊಡಬೇಡಿ. ಯಾರಾದರೂ ಬೇಡ ಅಂದರೆ ಒತ್ತಾಯವೂ ಬೇಡ.

ಹುಟ್ಟು ಹಾಕುವುದು

ಕಯಾಕಿನ ಹುಟ್ಟನ್ನು ತಲೆ ಮೇಲೆ ಇಟ್ಟುಕೊಂಡು, ಎರಡೂ ಮೊಣಕೈ ಲಂಬಕೋನದಲ್ಲಿ ಬಾಗುವ ಹಾಗೆ ಹಿಡಿಯಲು ಹೇಳಿ. ಅದೇ ಕೈಗಳ ನಡುವಿನ ಸರಿಯಾದ ಅಂತರ. ಅಲಗಿನ ಗುಂಡಿ ಬಿದ್ದ ಮುಖ ತನ್ನ ಕಡೆ ಇರಬೇಕು, ಬೆರಳಿನ ಗೆಣ್ಣು ಮೇಲಂಚಿಗೆ ನೇರ ಇರಬೇಕು. ಹುಟ್ಟನ್ನು ಹಿಂದು ಮುಂದಾಗಿ ಹಿಡಿದು "ಮುಂದಕ್ಕೇ ಹೋಗವಲ್ದು" ಅನ್ನುವವರು ದಳಕ್ಕೆ ಇಬ್ಬರಾದರೂ ಸಿಗುತ್ತಾರೆ.

ಅಲಗು ಪಾದದ ಪಕ್ಕದಲ್ಲಿ ನೀರಿಗೆ ಇಳಿಯಬೇಕು, ಸೊಂಟದ ಹತ್ತಿರ ಮೇಲೇಳಬೇಕು. ಸೊಂಟ ದಾಟಿ ಹಿಂದಕ್ಕೆ ಎಳೆದರೆ ದೋಣಿ ತಿರುಗುತ್ತದೆ ಅಷ್ಟೇ. ಬಲ ತೋಳಿನದಲ್ಲ, ಸೊಂಟದಿಂದ ಮೇಲಿನ ಮೈ ತಿರುವಿನದು. ಇದನ್ನು ನೆಲದ ಮೇಲೆ ಸಾಲಾಗಿ ಕೂರಿಸಿ, ಬಿದಿರು ಕೋಲು ಕೊಟ್ಟು ಮೊದಲೇ ರೂಢಿ ಮಾಡಿಸಿ. ನೀರಿನಲ್ಲಿ ಎಲ್ಲರ ಕಣ್ಣು ಅಲಗಿನ ಮೇಲೇ ಇರುತ್ತದೆ, ದೋಣಿ ಹಾವಿನಂತೆ ಓಡುತ್ತದೆ. ಎದುರು ದಂಡೆಯ ಒಂದು ಬೇವಿನ ಮರ ತೋರಿಸಿ ಅದನ್ನೇ ನೋಡಲು ಹೇಳಿ. ಸಣ್ಣ ಸಣ್ಣ ಎಳೆತ, ದೋಣಿಯ ಮೈಗೆ ಹತ್ತಿರ.

ತಿರುಗಿಸಲು ಹುಟ್ಟನ್ನು ದೋಣಿಯಿಂದ ದೂರ ಚಾಚಿ, ಮುಂದಿನಿಂದ ಹಿಂದಕ್ಕೆ ಅರ್ಧಚಂದ್ರ ಬರೆದಂತೆ ಎಳೆಯಬೇಕು. ಬಲಗಡೆ ಎಳೆದರೆ ಮೂತಿ ಎಡಕ್ಕೆ ಹೋಗುತ್ತದೆ. ನಿಲ್ಲಿಸಲು ಎರಡೂ ಕಡೆ ಹಿಮ್ಮುಖ ನೂಕಬೇಕು. ಮುಂದೆ ಹೋಗುವುದು, ತಿರುಗುವುದು, ನಿಲ್ಲುವುದು, ಒಬ್ಬ ಸ್ಕೌಟಿಗೆ ಮೊದಲ ವರ್ಷ ಇಷ್ಟು ಬಂದರೆ ಬೇಕಾದಷ್ಟಾಯಿತು.

ಕೆನೋದಲ್ಲಿ ಮುಂದಿನವನು ತಾಳ ಹಾಕುತ್ತಾನೆ, ಹಿಂದಿನವನು ದಿಕ್ಕು ಹಿಡಿಯುತ್ತಾನೆ. ಇಬ್ಬರೂ ಎದುರು ಬದುರು ಬದಿಯಲ್ಲಿ ಎಳೆಯಬೇಕು. ಮೊಣಕಾಲೂರಿದರೆ ಭಾರ ಕೆಳಗಿರುತ್ತದೆ, ದೋಣಿ ಅಲುಗುವುದು ಕಮ್ಮಿ. ಹಿಂದಿನವನು ಪ್ರತಿ ಎಳೆತದ ಕೊನೆಗೆ ಮೇಲಿನ ಕೈಯ ಹೆಬ್ಬೆರಳನ್ನು ಕೆಳಮುಖ ಮಾಡಿ ಅಲಗನ್ನು ಸ್ವಲ್ಪ ಹೊರಕ್ಕೆ ನೂಕಿದರೆ ದೋಣಿ ನೇರ ಉಳಿಯುತ್ತದೆ. ಕೈಗೆ ಹತ್ತಲು ಹೊತ್ತು ಹಿಡಿಯುತ್ತದೆ. ಅಲ್ಲಿ ತನಕ "ಬದಲು" ಅಂತ ಕೂಗಿ ಇಬ್ಬರೂ ಬದಿ ಬದಲಿಸಿಕೊಂಡರೆ ಸಾಕು. ಜಗಳವಾಡುವ ಇಬ್ಬರನ್ನು ಬೇಕಂತಲೇ ಒಂದು ಕೆನೋದಲ್ಲಿ ಕೂರಿಸಿ ನೋಡಿ. ಒಬ್ಬರ ಮಾತು ಒಬ್ಬರು ಕೇಳದೆ ದೋಣಿ ಮುಂದೆ ಹೋಗುವುದೇ ಇಲ್ಲ.

ಬೆಳಗಿನ ವ್ಯವಸ್ಥೆ

ಹನ್ನೆರಡು ಮಕ್ಕಳಿಗೆ ಆರು ಕಯಾಕ್ ಸಾಕು. ಆರು ಜನ ನೀರಿನಲ್ಲಿ, ಒಬ್ಬೊಬ್ಬರಿಗೂ ಒಬ್ಬ ಜೋಡಿ ದಂಡೆಯಲ್ಲಿ. ಇಬ್ಬರು ದೊಡ್ಡವರು ಕನಿಷ್ಠ ಇರಲೇಬೇಕು, ಮಕ್ಕಳು ಹತ್ತು ದಾಟಿದರೆ ಇನ್ನೂ ಒಬ್ಬರು ಇದ್ದರೆ ಮೇಲು. ಒಬ್ಬರು ಕಯಾಕಿನಲ್ಲಿ ಮಕ್ಕಳ ಹೊರಗಡೆಗೆ, ಆಳದ ಕಡೆಗೆ ಇರಬೇಕು. ಮೀನುಗಾರ ಕಾಕಾ ಹರಿಗೋಲು ಹಾಕಿಕೊಂಡು ಪಕ್ಕದಲ್ಲಿದ್ದರೆ ಆನೆ ಬಲ. ಅವರ ದಿನದ ಕೂಲಿ ಕೊಡುವುದನ್ನು ಮರೆಯಬೇಡಿ.

ದಂಡೆಯವರು ಸುಮ್ನೆ ಕೂರಬಾರದು. ಹಗ್ಗ ಎಸೆಯುವ ಅಭ್ಯಾಸ ಅವರಿಗೆ. ಹದಿನೈದು ಮೀಟರ್ ಹಗ್ಗದ ತುದಿಗೆ ಅರ್ಧ ನೀರು ತುಂಬಿದ ಎರಡು ಲೀಟರ್ ಬಾಟಲಿ ಕಟ್ಟಿ, ಬಿದ್ದವರ ತಲೆಯ ಆಚೆಗೆ ಎಸೆದು ಹಗ್ಗ ಅವರ ಕೈಗೆ ಸಿಗುವ ಹಾಗೆ ಮಾಡಬೇಕು. ತರಗತಿಯಲ್ಲಿ ಕಲಿತ ಗಂಟುಗಳಿಗೆ ಇಲ್ಲಿ ಕೆಲಸ ಬರುತ್ತದೆ. ಸೊಂಟಕ್ಕೆ ಹಾಕಿದರೂ ಜಾರಿ ಬಿಗಿಯದ ಕುಣಿಕೆಗೆ ಬೋಲೈನ್, ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸೇರಿಸಲು ಶೀಟ್ ಬೆಂಡ್, ದೋಣಿಯನ್ನು ಗೂಟಕ್ಕೆ ಕಟ್ಟಲು ರೌಂಡ್ ಟರ್ನ್ ಮತ್ತು ಎರಡು ಹಾಫ್ ಹಿಚ್.

ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಜೋಡಿ ಲೆಕ್ಕ ಮಾಡಿ. ನೀರಿನಲ್ಲಿ ಇರುವವನು ಕೈ ಎತ್ತಬೇಕು, ದಂಡೆಯ ಜೋಡಿ ಅವನ ಹೆಸರು ಕೂಗಬೇಕು. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಬರುವಾಗ ಗಾಳಿ ಬೆನ್ನಿಗಿರಲಿ. ಗುಡುಗು ಕೇಳಿದರೆ ಎಲ್ಲರೂ ಹೊರಗೆ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯದೆ ಮತ್ತೆ ಇಳಿಯಬಾರದು. ಮುಖ್ಯ ಅತಿಥಿ ಬಂದಿದ್ದಾರೆ, ಮಕ್ಕಳು ಹೇಗೆ ದೋಣಿ ನಡೆಸುತ್ತಾರೆ ತೋರಿಸಿ ಅಂತ ಮಟ ಮಟ ಮಧ್ಯಾಹ್ನ ಯಾರಾದರೂ ಹೇಳಿದರೆ ಆಗಲ್ಲ ಅನ್ನಿ. ಅದಕ್ಕೆ ಬೇಜಾರಾಗುವವರು ಆಗಲಿ.

ನೀರಿನಿಂದ ಬಂದ ಮಕ್ಕಳಿಗೆ ವಿಪರೀತ ಹಸಿವು. ಸುಸಲಾ, ಶೇಂಗಾ, ಬಾಳೆಹಣ್ಣು ಜೋಡಿಸಿಕೊಳ್ಳಿ. ಚಳಿಗಾಲವಾದರೂ ಕುಡಿಯುವ ನೀರು ಧಾರಾಳ ಇರಲಿ.

ಅವಘಡವಾದರೆ

ಮುಳುಗುವವರು ಸಿನಿಮಾದ ಹಾಗೆ ಕೂಗುವುದಿಲ್ಲ. ಉಸಿರಿಗೇ ಜಾಗವಿಲ್ಲದಾಗ ಕೂಗಲು ಎಲ್ಲಿಂದ ಬರಬೇಕು? ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ, ಕೈ ಪಕ್ಕಕ್ಕೆ ಒತ್ತುತ್ತಿರುತ್ತವೆ. ಕೆಲವೇ ಕ್ಷಣ. ಅದಕ್ಕೇ ದಂಡೆಯಲ್ಲಿ ಒಬ್ಬರ ಕೆಲಸ ಬರೀ ನೋಡುವುದು ಆಗಿರಬೇಕು. ಅವರ ಕೈಲಿ ಮೊಬೈಲ್ ಬೇಡ.

ಕಾಪಾಡುವ ಕ್ರಮ: ಮೊದಲು ಕೋಲು ಚಾಚಿ. ಎಟುಕದಿದ್ದರೆ ಹಗ್ಗ ಎಸೆಯಿರಿ. ಅದೂ ಆಗದಿದ್ದರೆ ದೋಣಿ ಒಯ್ಯಿರಿ. ನೀರಿಗೆ ಹಾರುವುದು ಕಟ್ಟಕಡೆಯದು, ಅದೂ ತರಬೇತಿ ಆದ ದೊಡ್ಡವರಿಗೆ ಮಾತ್ರ. ಗೆಳೆಯನನ್ನು ಕಾಪಾಡಲು ಹಾರಿ ಇಬ್ಬರೂ ಮೂವರೂ ಹೋದ ಸುದ್ದಿ ನಮ್ಮ ಕಡೆ ಹೊಸದಲ್ಲ. ಈ ಕ್ರಮವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ, ಮನೆಯಲ್ಲೂ ಹೇಳಲು ತಿಳಿಸಿ. ಕಲ್ಲು ಗಣಿ ದಂಡೆಯಲ್ಲಿ ಇದೇ ಜೀವ ಉಳಿಸುತ್ತದೆ.

ಮೇಲೆ ತಂದವರನ್ನು ತಲೆ ಮೇಲೆ ಹೊತ್ತು ಗಿರಗಿರ ತಿರುಗಿಸುವುದು, ತಲೆಕೆಳಗು ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಇವೆಲ್ಲ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತವೆ. ದಯವಿಟ್ಟು ಯಾರೂ ಮಾಡಬೇಡಿ, ಮಾಡುವವರನ್ನು ತಡೆಯಿರಿ. ಬೇಕಾದ ಹೊತ್ತು ಅದರಲ್ಲೇ ಹೋಗುತ್ತದೆ, ಹೊಟ್ಟೆಯ ನೀರು ಉಸಿರಿನ ಕೊಳವೆಗೆ ಬರುತ್ತದೆ. ಅಂಗಾತ ಮಲಗಿಸಿ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ವಾಲಿಸಿ, ಮೂಗು ಮುಚ್ಚಿ, ಬಾಯಿಂದ ಬಾಯಿಗೆ ಉಸಿರು ಕೊಡಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಆಮೇಲೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಉಸಿರು, ಮತ್ತೆ 30. ನಿಲ್ಲಿಸಬೇಡಿ. ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ. ಬೇಗ ಎಚ್ಚರ ಬಂದರೂ ಆಸ್ಪತ್ರೆಗೆ ಒಯ್ಯಲೇಬೇಕು, ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಗಂಟೆಗಳ ನಂತರವೂ ಕಾಣಿಸಬಹುದು. ಇದನ್ನೆಲ್ಲ ಓದಿ ಬಿಡಬೇಡಿ. ಹತ್ತಿರದ ಆಸ್ಪತ್ರೆಯವರನ್ನು ಕರೆಸಿ ಗೊಂಬೆಯ ಮೇಲೆ ಕೈ ಇಟ್ಟು ಕಲಿಯಿರಿ, ಮಕ್ಕಳೂ ಕಲಿಯಲಿ.

ಮುಂದೆ

ನಾಲ್ಕಾರು ಬೆಳಿಗ್ಗೆ ಹೀಗೆ ಕಳೆದ ಮೇಲೆ ದಂಡೆಯ ಗುಂಟ ಎರಡು ಮೂರು ಕಿಲೋಮೀಟರ್ ಸಣ್ಣ ಪಯಣ ಹಾಕಿಕೊಳ್ಳಬಹುದು. ದಳ ನಾಯಕ ಮುಂದೆ, ಚೆನ್ನಾಗಿ ಬರುವ ಇನ್ನೊಬ್ಬ ಹಿಂದೆ, ನಡುವೆ ಉಳಿದವರು, ಹೊರಗಡೆ ದೊಡ್ಡವರು. ನಿಧಾನದವನ ವೇಗವೇ ಎಲ್ಲರ ವೇಗ. ದಾರಿಯಲ್ಲಿ ಕಂಡ ಹಕ್ಕಿ, ಗಾಳಿಯ ದಿಕ್ಕು, ದಂಡೆಯ ಗುರುತು ಎಲ್ಲವನ್ನೂ ಲಾಗ್ ಪುಸ್ತಕಕ್ಕೆ ಬರೆಸಿ, ನಕಾಶೆ ಬಿಡಿಸಲಿ. ಸ್ಪರ್ಧೆಯ ಆಸೆ ಇರುವವರು ಆಮೇಲೆ ಮುಂದುವರಿಯಲಿ, ಕಯಾಕಿಂಗ್ ಒಲಿಂಪಿಕ್ಸ್‌ನಲ್ಲೂ ಇದೆ.

ದಿನದ ಕೊನೆಗೆ ದೋಣಿ ತೊಳೆದು ಬೋರಲು ಹಾಕಿ, ನೆರಳಲ್ಲಿ ಇಡಿ. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಬೇಗ ಪೆಡಸಾಗಿ ಬಿರುಕು ಬಿಡುತ್ತದೆ. ಲೈಫ್ ಜಾಕೆಟ್‌ಗಳನ್ನು ನೆರಳಲ್ಲೇ ಒಣಗಿಸಿ, ಶಾಲೆಯ ಸ್ಟೋರ್ ರೂಮಿನಲ್ಲಿ ನೆಲದ ಮೇಲೆ ರಾಶಿ ಹಾಕದೆ ತಂತಿಗೆ ನೇತು ಹಾಕಿ, ಇಲ್ಲದಿದ್ದರೆ ಇಲಿ ಕಡಿಯುತ್ತವೆ. ಮುಂದಿನ ನವೆಂಬರ್‌ನಲ್ಲಿ ಮಕ್ಕಳಿಗೆ ಕೊಡುವ ಮೊದಲು ಪ್ರತಿಯೊಂದನ್ನೂ ಆ ತೂಕದ, ಈಜು ಬಲ್ಲ ಒಬ್ಬರು ಹಾಕಿಕೊಂಡು ನೀರಿಗೆ ಇಳಿದು ನೋಡಬೇಕು. ಗದ್ದ ನೀರಿನ ಮೇಲೆ ಉಳಿಯದ ಜಾಕೆಟನ್ನು ಕತ್ತರಿಸಿ ಬಿಸಾಕಿ. ಹಾಗೇ ಇಟ್ಟರೆ ಯಾರಾದರೂ ಮತ್ತೆ ಮಗುವಿಗೆ ತೊಡಿಸುತ್ತಾರೆ.